ಮಷೀನಕ್ಕನ ಎರಡು ಬ್ಯಾಚು

ಹೊಲಿಗೆ ಮಷೀನು ರಿಪೇರಿ ಕಲಿಸುವ ಮಷೀನಕ್ಕನಿಗೆ "ಅರ್ಥ ಆಯ್ತಾ?" ಎಂಬ ಪ್ರಶ್ನೆಯ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಕೇಳಿದವರ ಮರ್ಯಾದೆ ಉಳಿಸಲು ಜನ ಆಯ್ತು ಅನ್ನುತ್ತಾರೆ, ಆಮೇಲೆ ಮನೆಗೆ ಹೋಗಿ ಮಷೀನನ್ನು ಬಿಚ್ಚಿಟ್ಟುಕೊಂಡು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ ಎಂಬುದು ಅವಳ ಮೂವತ್ತೊಂದು ವರ್ಷದ ಅನುಭವ. ಆದ್ದರಿಂದ ಅವಳು ಬಾಯಿಯನ್ನು ಕೇಳುತ್ತಿರಲಿಲ್ಲ, ಕೈಯನ್ನು ಕೇಳುತ್ತಿದ್ದಳು. ಕಲಿಯುವವರ ಹಿಂದೆ ನಿಂತು, ಅವರ ಎಡಗೈಯನ್ನು ಮಷೀನಿನ ಮೈಮೇಲೆ ಇಡಿಸಿ, ಅದರ ಮೇಲೆ ತನ್ನ ಕೈಯಿಟ್ಟು, "ಈಗ ಓಡಿಸಿ" ಅನ್ನುತ್ತಿದ್ದಳು. ಒಳಗೆ ಏನಾದರೂ ತಪ್ಪಿದ್ದರೆ, ಅದು ಗೊತ್ತಾದವರ ಅಂಗೈ ತಾನಾಗಿಯೇ ಒಂಚೂರು ಬಿಗಿಯುತ್ತದೆ. ಬಿಗಿದರೆ ಇವರಿಗೆ ತಿಳಿಯಿತು ಅಂತ ಲೆಕ್ಕ. ಬಿಗಿಯದಿದ್ದರೆ ಇನ್ನೊಂದು ಸಲ. ಹತ್ತು ಸಲವಾದರೂ ಅವಳಿಗೆ ಬೇಸರವಿಲ್ಲ, ಹನ್ನೊಂದನೆಯ ಸಲಕ್ಕೆ ಮಾತ್ರ ಬೈಗುಳ ಗ್ಯಾರಂಟಿ.

ಇದು ಅವಳೇ ಕಂಡುಹಿಡಿದ ವಿದ್ಯೆಯಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಬಟ್ಟೆ ಕಾರ್ಖಾನೆಯೊಂದರಲ್ಲಿ ಕಾಲರು ಹೊಲಿಯುವ ಸಾಲಿನಲ್ಲಿದ್ದಳು. ಮಷೀನು ಕೆಟ್ಟರೆ ಮೆಕ್ಯಾನಿಕ್ ಬರುವ ತನಕ ಕೈಕಟ್ಟಿ ಕೂರಬೇಕು, ಅವನೋ ಇಡೀ ಕಾರ್ಖಾನೆಗೆ ಒಬ್ಬನೇ. ಒಂದು ದಿನ ತಾಳ್ಮೆ ಕೆಟ್ಟು ಕತ್ತರಿಯ ತುದಿಯಿಂದಲೇ ಸ್ಕ್ರೂ ಬಿಚ್ಚಿದಳು. ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈದ. ಆಮೇಲೆ ಬಂದ ಮುದುಕ ಮೆಕ್ಯಾನಿಕ್ ಮಾತ್ರ ಬೈಯಲಿಲ್ಲ. "ಒಳ್ಳೇ ಕತ್ತರಿ ಹಾಳ್ಮಾಡಿದೆಯಲ್ಲಮ್ಮ" ಎಂದು ತನ್ನ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಟ್ಟ. ಅವಳ ಕೈಯನ್ನು ಮಷೀನಿನ ಮೇಲಿಟ್ಟು, ಅದರ ಮೇಲೆ ತನ್ನ ಎಣ್ಣೆಗೈಯಿಟ್ಟು, ಎಲ್ಲಿ ತಪ್ಪಿದೆ ಹೇಳು ಎಂದ. ಅವಳು ಹೇಳಿದಳು. ಮುದುಕ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮರುದಿನದಿಂದ ಎಲ್ಲಿಗೆ ಹೋದರೂ ಅವಳನ್ನು ಕರೆದುಕೊಂಡು ಹೋಗತೊಡಗಿದ.

ಅಲ್ಲಿಂದ ಅವಳು ಹೊಲಿಗೆ ಮಷೀನು ಮಾಡುವ ಕಂಪನಿಗೆ ಬಂದಳು, ರಿಪೇರಿ ಕಲಿಸುವ ಕೆಲಸಕ್ಕೆ. ಮೊದಮೊದಲು ಕಲಿಯಲು ಬಂದ ಗಂಡಸರು ಬಾಗಿಲಲ್ಲಿ ನಿಂತು "ಮೇಷ್ಟ್ರು ಎಲ್ಲಿ?" ಎಂದು ಅವಳನ್ನೇ ಕೇಳುತ್ತಿದ್ದರು. ಅವಳು ಒಳಗೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಆಮೇಲೆ ಪಾಠ ಶುರುಮಾಡುತ್ತಿದ್ದಳು. ಅಷ್ಟು ಹೊತ್ತಿಗೆ ಅವರ ಮುಖ ನೋಡುವ ಹಾಗಿರುತ್ತಿತ್ತು. ಮಷೀನಕ್ಕ ಎಂಬ ಹೆಸರು ಬಿದ್ದದ್ದೂ ಆಗಲೇ. ಈಗ ಗಂಡನೂ ಹಾಗೇ ಕರೆಯುತ್ತಾನೆ, ಕೆಣಕಬೇಕೆನ್ನಿಸಿದಾಗ.

ಕಂಪನಿಯ ಹಿಂದಿನ ಅಂಗಳದಲ್ಲಿ ಒಂದು ಉದ್ದನೆಯ ಹಾಲ್ ಇತ್ತು. ಹನ್ನೆರಡು ಮೇಜು, ಹನ್ನೆರಡು ಮಷೀನು, ಪೂರ್ವಕ್ಕೆ ನಾಲ್ಕು ದೊಡ್ಡ ಕಿಟಕಿ. ನೆಲದ ಮೇಲೆ ಯಾವ ಸೋಪಿಗೂ ಜಗ್ಗದ ಎಣ್ಣೆಯ ಕಲೆಗಳು. ಮೂರು ವಾರಕ್ಕೊಂದು ಬ್ಯಾಚು. ಎಲ್ಲೆಲ್ಲಿಂದಲೋ ಬಂದ ಹನ್ನೆರಡು ಜನ ಮೊದಲ ದಿನ ಒಬ್ಬರ ಮುಖ ಒಬ್ಬರು ನೋಡದೆ ಕೂರುತ್ತಿದ್ದರು. ಒಂದು ವಾರಕ್ಕೆ ಸ್ಕ್ರೂಡ್ರೈವರಿಗಾಗಿ ಜಗಳ ಶುರುವಾಗುತ್ತಿತ್ತು, ಎರಡನೆಯ ವಾರ ಊಟದ ಡಬ್ಬಿಗಳು ಅದಲುಬದಲಾಗುತ್ತಿದ್ದವು, ಮೂರನೆಯ ವಾರದ ಕೊನೆಯ ದಿನ ಯಾರಿಗೂ ಎದ್ದು ಹೋಗುವ ಮನಸ್ಸಿಲ್ಲ. ಒಮ್ಮೆ ಒಬ್ಬ ಭಾರೀ ಮೈಕಟ್ಟಿನ ಮನುಷ್ಯ ಬಂದಿದ್ದ. ಸೂಜಿಗೆ ದಾರ ಪೋಣಿಸುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ನೋಡುತ್ತಿದ್ದ ಉಳಿದ ಹನ್ನೊಂದು ಜನವೂ ತಮಗೆ ಗೊತ್ತಿಲ್ಲದೆ ಉಸಿರು ಹಿಡಿಯುತ್ತಿದ್ದರು. ದಾರ ಸೂಜಿಯ ಕಣ್ಣಿನೊಳಗೆ ಹೋದಕೂಡಲೇ ಹಾಲಿಗೆ ಹಾಲೇ ಉಸಿರು ಬಿಡುತ್ತಿತ್ತು. ಮಷೀನಕ್ಕ ಇಂಥವನ್ನು ಯಾವ ರಿಜಿಸ್ಟರಿನಲ್ಲೂ ಬರೆಯುತ್ತಿರಲಿಲ್ಲ. ಬರೆಯಬೇಕಾಗಿತ್ತೋ ಏನೋ.

ಒಂದು ದಿನ ಮ್ಯಾನೇಜರ್ ಅವಳನ್ನು ಕರೆಸಿದ. ಹೊಸಬ, ವಯಸ್ಸಿನಲ್ಲಿ ಚಿಕ್ಕವನು, ಅಂಕಿಸಂಖ್ಯೆಯ ಮನುಷ್ಯ, ಆದರೆ ಕೆಟ್ಟವನಲ್ಲ. ಅವಳು ಬಂದರೆ ಕುರ್ಚಿಯಿಂದ ಅರ್ಧ ಏಳುತ್ತಿದ್ದ.

"ಮೇಡಂ, ಹಾಲಿಗೆ ಬರೋಕಾಗದವರು ಎಷ್ಟು ಜನ ಇದ್ದಾರೆ ಗೊತ್ತಾ? ಅರ್ಜಿ ಹಾಕಿದವರಲ್ಲಿ ಅರ್ಧಕ್ಕರ್ಧ. ಮೂರು ವಾರ ಮನೆಬಿಟ್ಟು ಬರೋಕಾಗಲ್ಲ ಅಂತಾರೆ. ಅದಕ್ಕೇ ವರ್ಚುವಲ್ ತರಗತಿ ಮಾಡೋಣ ಅಂತ."

"ಅಂದ್ರೆ ಡಬ್ಬಾದಲ್ಲಿ" ಎಂದಳು ಮಷೀನಕ್ಕ. ಅವತ್ತಿನಿಂದ ಅದು ಅವಳ ಬಾಯಲ್ಲಿ ಡಬ್ಬಾ ಪಾಠವೇ ಆಯಿತು.

ಮ್ಯಾನೇಜರ್ ನಕ್ಕ, ಆಮೇಲೆ ವಿಷಯಕ್ಕೆ ಬಂದ. ಒಂದು ಬ್ಯಾಚು ಹಾಲಿನಲ್ಲಿ, ಅದಾದ ಮೇಲೆ ಒಂದು ಬ್ಯಾಚು ಪರದೆಯ ಮೇಲೆ. ಎರಡರಲ್ಲೂ ಹನ್ನೆರಡು ಜನ, ಅದೇ ಪಾಠ, ಅದೇ ಪರೀಕ್ಷೆ. ಬೇಕೆಂದೇ ಕೆಡಿಸಿದ ಮಷೀನೊಂದನ್ನು ಎರಡು ಗಂಟೆಯೊಳಗೆ ಸರಿಮಾಡಬೇಕು. ಒಬ್ಬಿಬ್ಬರ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡೂ ಹತ್ತಿರ ಹತ್ತಿರ ಬಂದರೆ ಇನ್ನು ಮುಂದೆ ಪರದೆಯೇ ಸಾಕು, ಹಾಲ್ ಬಿಡಿಭಾಗಗಳ ಗೋದಾಮಾಗುತ್ತದೆ. ಪರದೆಯವರು ಹಿಂದೆ ಬಿದ್ದರೆ ಹಾಲ್ ಇರುತ್ತದೆ. ವರದಿ ಬರೆಯಬೇಕಾದವಳು ಅವಳೇ.

"ನಾನೇ ಕಲಿಸಿ ನಾನೇ ಬರೆಯೋದಾ?"

"ನಿಮಗಿಂತ ನಂಬಿಕಸ್ಥರು ಯಾರಿದ್ದಾರೆ ಮೇಡಂ?"

ಈ ಮಾತು ಕೇಳಿ ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಹಾಲಿನ ಬ್ಯಾಚು ಮೊದಲು ಮುಗಿಯಿತು. ಹನ್ನೆರಡರಲ್ಲಿ ಹನ್ನೊಂದು ಜನ ಪಾಸು. ಫೇಲಾದವನು ಕೂಡ ಹೋಗುವಾಗ ಅವಳ ಕಾಲಿಗೆ ಬೀಳಲು ಬಗ್ಗಿ, ಅವಳಿಂದ ಬೆನ್ನಿಗೊಂದು ಗುದ್ದು ತಿಂದು, ನಗುತ್ತ ಹೋದ. ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ಹನ್ನೆರಡು ಮಷೀನಿಗೂ ಹೊದಿಕೆ ಹಾಕಿದಳು. ಮುಂದಿನ ಸೋಮವಾರದಿಂದ ಅವಳ ಜಾಗ ಮೇಲಿನ ಮಹಡಿಯ ಒಂದು ಸಣ್ಣ ಕೋಣೆ. ಒಂದು ಮೇಜು, ಒಂದು ಮಷೀನು, ಎದುರಿಗೆ ಕಂಪ್ಯೂಟರು, ಪಕ್ಕದಲ್ಲಿ ಕ್ಯಾಮೆರಾ. ಬಾಗಿಲು ಹಾಕಿಕೊಳ್ಳಬೇಕು, ಹೊರಗಿನವರ ಮಾತು ಒಳಗೆ ಬರಬಾರದು.

ಪರದೆಯ ಮೇಲೆ ಹನ್ನೆರಡು ಚೌಕಗಳು ಮೂಡಿದವು. ಕೆಲವುಗಳಲ್ಲಿ ಗದ್ದ, ಕೆಲವುಗಳಲ್ಲಿ ಹಣೆ, ಒಂದರಲ್ಲಿ ತಿರುಗುವ ಫ್ಯಾನು. ಕಂಪನಿ ಎಲ್ಲರ ಮನೆಗೂ ಒಂದೊಂದು ಮಷೀನು ಕಳಿಸಿತ್ತು. ಒಬ್ಬಾತ ಅದನ್ನು ಮಂಚದ ಮೇಲಿಟ್ಟುಕೊಂಡಿದ್ದ, ಇನ್ನೊಬ್ಬಳು ಅಡುಗೆಮನೆಯ ಕಟ್ಟೆಯ ಮೇಲೆ. ಗದ್ದಲವಾಗದಿರಲಿ ಎಂದು ಎಲ್ಲರ ಮೈಕು ಬಂದ್, ಕೇಳಿದಾಗ ಮಾತ್ರ ತೆರೆಯಬೇಕು. ವಾರಕ್ಕೆ ಮೂರು ಬೆಳಗ್ಗೆ, ಎಂಟು ವಾರ.

ಕೊನೆಯ ಚೌಕದಲ್ಲಿ ಯಾರ ಹೆಸರೂ ಇರಲಿಲ್ಲ. "ಅಮ್ಮನ ಫೋನ್" ಎಂದಷ್ಟೇ ಇತ್ತು. ತಾಯಿಯ ಫೋನಿನಿಂದ ಪಾಠಕ್ಕೆ ಕೂರುತ್ತಿದ್ದ ಒಬ್ಬ ಹೆಂಗಸು, ಮೂವತ್ತೈದರ ಹತ್ತಿರದವಳು. ಹಾಸಿಗೆ ಹಿಡಿದ ತಾಯಿಯ ಮಂಚದ ಪಕ್ಕದಲ್ಲೇ ಅವಳ ಮಷೀನು. ಮನೆಗೆ ತಂದುಕೊಡುವವರ ಬಟ್ಟೆ ಹೊಲಿಯುತ್ತಿದ್ದಳು, ರಿಪೇರಿಯನ್ನೂ ಕಲಿತರೆ ಅದೂ ಮನೆಗೇ ಬರುತ್ತದೆ ಎಂದು ಸೇರಿದ್ದಳು. ಪಾಠದ ನಡುವೆ "ಒಂದ್ನಿಮಿಷ ಅಕ್ಕ" ಎಂದು ಎದ್ದು ಹೋಗುವಳು, ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸಿ ಬರುವಳು. ಉಳಿದವರೆಲ್ಲ ಮೇಡಂ ಎಂದರೆ ಇವಳೊಬ್ಬಳು ಮೊದಲ ದಿನದಿಂದಲೇ ಅಕ್ಕ.

"ಇವತ್ತು ಅಮ್ಮನ ಫೋನು ಬಂದಿತ್ತಾ?" ಎಂದು ಗಂಡ ದಿನಾ ಕೇಳುತ್ತಿದ್ದ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದು ನಿವೃತ್ತನಾದವನು. ಯಾರು ಬಂದರು, ಯಾರು ತಡಮಾಡಿದರು ಎಂಬ ಚಾಳಿ ಇನ್ನೂ ಬಿಟ್ಟಿರಲಿಲ್ಲ.

"ಬಂದಿದ್ಲು. ಚೆನ್ನಾಗಿ ಕಲೀತಾಳೆ. ಆದ್ರೆ ಏನ್ರೀ ಪ್ರಯೋಜನ, ಮುಟ್ಟೋಕಾಗಲ್ಲ. ಗಾಜಿನ ಆಚೆ ಕೂರಿಸಿ ಊಟ ಬಡಿಸಿದ ಹಾಗೆ."

ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಕೆಳಗಿಳಿದು ಹಾಲಿಗೆ ಹೋಗುತ್ತಿದ್ದಳು. ಹೊದಿಕೆ ಹಾಕಿದ ಮಷೀನುಗಳ ನಡುವೆ ಒಬ್ಬಳೇ ಕೂತು ತಿನ್ನುತ್ತಿದ್ದಳು. ಹೊಸ ಕೋಣೆಯಲ್ಲಿ ಫ್ಯಾನು ಜೋರಾಗಿತ್ತು, ಕುರ್ಚಿ ಮೆತ್ತಗಿತ್ತು, ಕೈಗೆ ಎಣ್ಣೆ ಮೆತ್ತುತ್ತಿದ್ದದ್ದೂ ಕಡಿಮೆ. ಆದರೂ ಅವಳು ದಿನಾ ಹಾಲಿನ ಬಾಗಿಲು ತೆಗೆಯುತ್ತಿದ್ದಳು. ಅವಳಿಗೆ ಜನ ಬೇಕಿತ್ತು. ಅವರ ಬೆವರು, ಅವರ ಕೆಮ್ಮು, ಒಬ್ಬರ ತಪ್ಪಿಗೆ ಇನ್ನೊಬ್ಬರು ಕಿಸಕ್ಕೆಂದು ನಗುವುದು, ಟೀ ಬಂತೆಂದರೆ ಎಲ್ಲರೂ ಒಟ್ಟಿಗೆ ಏಳುವುದು. ಮಕ್ಕಳಿಲ್ಲದ ಅವಳಿಗೆ ಮೂರು ವಾರಕ್ಕೊಮ್ಮೆ ಒಂದು ಮನೆ ತುಂಬುತ್ತಿತ್ತು, ಖಾಲಿಯಾಗುತ್ತಿತ್ತು, ಮತ್ತೆ ತುಂಬುತ್ತಿತ್ತು. ಹೀಗೆಂದು ಅವಳು ಯಾರಿಗೂ ಹೇಳಿದವಳಲ್ಲ. ಡಬ್ಬಾ ಪಾಠದ ನಡುವೆ ಮಾತ್ರ, "ಹಾಲಲ್ಲಿ ಆಗಿದ್ರೆ ಹೀಗಲ್ಲ" ಎಂದು ದಿನಕ್ಕೆರಡು ಸಲವಾದರೂ ಬಾಯಿಂದ ಬಂದುಬಿಡುತ್ತಿತ್ತು. ಹೇಳಲು ಹೊರಟರೆ ಅಲ್ಲಿನ ಕಥೆಗಳನ್ನೆಲ್ಲ ಹೇಳುವಳು, ಹನ್ನೆರಡು ಚೌಕಗಳೂ ಸುಮ್ಮನೆ ಕೇಳುವವು.

ನಾಲ್ಕನೆಯ ವಾರ ಸದ್ದಿನ ಪಾಠ ಶುರುವಾಯಿತು. ರಿಪೇರಿಯಲ್ಲಿ ಅರ್ಧ ಕೆಲಸ ಕಿವಿಯದು. ಎಣ್ಣೆ ಬತ್ತಿದ ಮಷೀನಿನದು ಒಂದು ಸದ್ದು, ಬೆಲ್ಟು ಸಡಿಲವಾದರೆ ಇನ್ನೊಂದು. ಸೂಜಿಯ ತುದಿ ಕೆಳಗೆ ದಾರ ಹಿಡಿಯುವ ಹುಕ್ಕಿಗೆ ಕೂದಲೆಳೆಯಷ್ಟು ತಾಗಿದರೆ ಬರುವುದು ಎಲ್ಲಕ್ಕಿಂತ ಸಣ್ಣ ಸದ್ದು. ಅದು ಕೇಳಿಸದಿದ್ದರೆ ವಾರದೊಳಗೆ ಹುಕ್ಕು ಹಾಳು. ಕೈಯಿಡಲಾಗದ ಮೇಲೆ ಇನ್ನು ಕಿವಿಯೇ ಗತಿ ಎಂದು ಮಷೀನಕ್ಕ ಜೀವ ತೇಯ್ದು ಕಲಿಸಿದಳು. ತಾನು ನಂಬದ ಪ್ರಶ್ನೆಯನ್ನೇ ಕೇಳಬೇಕಾಯಿತು, ಬೇರೆ ದಾರಿಯಿರಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು ಮೇಡಂ" ಎಂದು ಒಂದೊಂದೇ ಚೌಕ ತಲೆಯಾಡಿಸಿತು.

"ಚಿಟ್ ಅಂತಲ್ಲ, ಅದೇ. ಗುರ್ತಿಟ್ಕೊಳ್ಳಿ."

"ಸರಿ ಮೇಡಂ."

ಹೀಗೆ ನಾಲ್ಕು ತರಗತಿ ಕಳೆದ ಮೇಲೆ ಒಂದು ಶನಿವಾರ ಬೆಳಗ್ಗೆ ಮನೆಗೆ ಫೋನು ಬಂತು. ಅಮ್ಮನ ಫೋನಿನವಳು. ದನಿ ಇಳಿಸಿ ಮಾತಾಡುತ್ತಿದ್ದಳು.

"ಅಕ್ಕಾ, ಬೈಬಾರ್ದು. ಎಲ್ಲರಿಗೂ ಕೇಳಿಸ್ತು ಅಂತಾರೆ, ನನಗೊಬ್ಬಳಿಗೆ ನಿಮ್ಮ ಮಷೀನು ಒಂದಿನಾನೂ ಕೇಳಿಸಿಲ್ಲ. ಸೂಜಿ ಓಡೋದು ಕಾಣುತ್ತೆ, ಸದ್ದೇ ಬರಲ್ಲ. ನಮ್ಮಮ್ಮನ ಫೋನು ಹಳೇದು, ಅದಕ್ಕೇ ಇರಬೇಕು. ಎಲ್ಲರೆದುರು ಹೇಳೋಕೆ ನಾಚಿಕೆ ಆಯ್ತು."

"ಒಂಚೂರೂ ಇಲ್ವಾ?"

"ಚೂರೂ ಇಲ್ಲ. ನಿಮ್ಮ ಮಾತು ಮಾತ್ರ ಗಂಟೆ ಹೊಡೆದ ಹಾಗೆ ಕೇಳುತ್ತೆ."

ನೋಡುತ್ತೇನೆ ತಾಳು ಎಂದು ಹೇಳಿ ಮಷೀನಕ್ಕ ಫೋನಿಟ್ಟಳು. ಆಮೇಲೆ ಕಂಪನಿ ಕೊಟ್ಟಿದ್ದ ಲ್ಯಾಪ್‌ಟಾಪ್ ತೆರೆದು ಮನೆಯ ಮಷೀನಿನ ಮುಂದಿಟ್ಟಳು. ಗಂಡನ ಕೈಗೆ ಅವನ ಫೋನು ಕೊಟ್ಟು ಬೀದಿಯ ತುದಿಗೆ ಕಳಿಸಿದಳು. ಅಲ್ಲಿಂದ ತರಗತಿಗೆ ಸೇರಿಕೊಳ್ಳಿ, ಏನೇನು ಕೇಳಿಸುತ್ತೆ ಹೇಳಿ ಎಂದಳು. ಕಾಲು ಗಂಟೆ ಮಷೀನು ಓಡಿಸಿದಳು, ನಡುನಡುವೆ ಗಂಡನಿಗೆ ಫೋನು ನೆಟ್ಟಗೆ ಹಿಡಿಯಲು ಬೈದಳು. ಅವನು ನಿಧಾನವಾಗಿ ವಾಪಸು ಬಂದು ಚಪ್ಪಲಿ ಬಿಟ್ಟ.

"ನಿನ್ನ ಬೈಗುಳ ಒಂದಕ್ಷರ ಬಿಡದೆ ಕೇಳಿಸ್ತು. ಮಷೀನು ಮಾತ್ರ ಮೌನವ್ರತ."

ಆಗ ಅವಳಿಗೆ ಹೊಳೆಯಿತು. ಕಂಪ್ಯೂಟರಿಗೆ ಮನುಷ್ಯರ ಮಾತು ಬೇಕಿತ್ತು, ಮಷೀನಿನ ಸದ್ದನ್ನು ಅದು ಗಲಾಟೆಯೆಂದು ತಿಳಿದು ಸೋಸಿ ಎಸೆಯುತ್ತಿತ್ತು. ನಾಲ್ಕು ತರಗತಿ ಅವಳು ಹನ್ನೆರಡು ಕಿವುಡರಿಗೆ ಪಾಠ ಹೇಳಿದ್ದಳು. ಅವರಲ್ಲಿ ಹನ್ನೊಂದು ಜನ ಮರ್ಯಾದೆಗೆಂದು ಸುಳ್ಳು ಹೇಳಿದ್ದರು, ಪ್ರತಿಯೊಬ್ಬರೂ ಉಳಿದವರಿಗೆ ಕೇಳಿಸಿದೆ ಎಂದೇ ನಂಬಿಕೊಂಡು. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಗು ನಿಂತ ಮೇಲೆ ಇನ್ನೊಂದು ಯೋಚನೆ ಬಂತು, ಅದು ಬಂದದ್ದು ಗಂಡನಿಗೂ ಗೊತ್ತಾಯಿತು.

"ಏನ್ಮಾಡ್ತೀಯ ಈಗ?"

"ಸೋಮವಾರ ಕಂಪ್ಯೂಟರಿನವನಿಗೆ ಹೇಳ್ತೀನಿ. ಏನೋ ಒಂದು ಸೆಟ್ಟಿಂಗ್ ಇರುತ್ತೆ."

ಸೋಮವಾರ ಅವಳು ಹೇಳಲಿಲ್ಲ. ಕಂಪ್ಯೂಟರಿನವನು ಅವಳ ಕೋಣೆಯ ಮುಂದೆಯೇ ಎರಡು ಸಲ ಓಡಾಡಿದ, ಅವಳು ಕರೆಯಲಿಲ್ಲ. ನಾನೇನು ಕೆಡಿಸಿದ್ದಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಡಬ್ಬಾವೇ ಕಿವುಡು. ಹಾಲಿಗೆ ಇಂಥ ರೋಗ ಯಾವತ್ತೂ ಬಂದದ್ದಿಲ್ಲ. ಅದರ ಹಣೆಬರಹ ಅದರ ಪರೀಕ್ಷೆಯಲ್ಲೇ ತಿಳಿಯಲಿ, ನಾನ್ಯಾಕೆ ಅದಕ್ಕೆ ಕಿವಿ ಜೋಡಿಸಲಿ? ಸುಮ್ಮನಿದ್ದರೆ ಸಾಕು, ಅರ್ಧಕ್ಕರ್ಧ ಫೇಲು. ಹಾಲ್ ಉಳಿಯುತ್ತದೆ, ಮಷೀನುಗಳ ಹೊದಿಕೆ ತೆಗೆಯಬಹುದು. ವಾದ ಚೆನ್ನಾಗಿಯೇ ಇತ್ತು. ಇಷ್ಟು ಒಳ್ಳೆಯ ವಾದ ಸಿಕ್ಕ ಮೇಲೂ ಅವಳಿಗೆ ಮಧ್ಯಾಹ್ನ ಊಟ ಸೇರಲಿಲ್ಲ. ಹಾಲಿಗೆ ಹೋಗದೆ ಕೋಣೆಯಲ್ಲೇ ಕೂತಳು.

ಬುಧವಾರವೂ ಹಾಗೇ ಕಳೆಯಿತು. ಮಷೀನು ಓಡಿಸಿದಳು, ಕೇಳಿಸ್ತಾ ಎಂದಳು. ಹನ್ನೊಂದು ತಲೆ ಆಡಿದವು. ಅಮ್ಮನ ಫೋನಿನವಳು ಏನೂ ಹೇಳದೆ ಪರದೆಯನ್ನೇ ನೋಡುತ್ತ ಕೂತಿದ್ದಳು, ಅಕ್ಕ ನೋಡುತ್ತೇನೆ ಎಂದಿದ್ದಾಳಲ್ಲ ಎಂದು ಕಾಯುವವಳ ಹಾಗೆ. ಮಷೀನಕ್ಕ ಆ ಚೌಕದ ಕಡೆ ಕಣ್ಣೆತ್ತಲಿಲ್ಲ.

ಶುಕ್ರವಾರ ಅದೇ ಸೂಜಿಯ ಸದ್ದನ್ನು ಮತ್ತೆ ತೋರಿಸಿದಳು. ರೂಢಿಯಿಂದ ಬಾಯಿಗೆ ಬಂತು.

"ಕೇಳಿಸ್ತಾ?"

"ಕೇಳಿಸ್ತು ಮೇಡಂ. ಕೇಳಿಸ್ತು. ಹೂಂ ಮೇಡಂ."

ಎಲ್ಲರದೂ ಮುಗಿದ ಮೇಲೆ ಕೊನೆಯ ಚೌಕದ ಮೈಕು ತೆರೆಯಿತು.

"ಕೇಳಿಸ್ತು ಅಕ್ಕ" ಎಂದಳು ಅಮ್ಮನ ಫೋನಿನವಳು. ಹೇಳಿ ತಲೆ ತಗ್ಗಿಸಿ ಸುಮ್ಮನೆ ಬಾಬಿನ್ನಿಗೆ ದಾರ ಸುತ್ತತೊಡಗಿದಳು.

ಮಷೀನಕ್ಕನ ಕಾಲು ಪೆಡಲಿನ ಮೇಲೇ ನಿಂತುಹೋಯಿತು. ಹನ್ನೆರಡು ಜನರಲ್ಲಿ ಒಬ್ಬಳಿಗೆ ನಿಜ ಹೇಳುವ ಬಾಯಿತ್ತು. ಎರಡು ವಾರದಲ್ಲಿ ಅದನ್ನು ತಾನೇ ಮುಚ್ಚಿಸಿಬಿಟ್ಟೆ ಎಂದು ಅವಳಿಗೆ ಹೊಳೆಯಿತು. ಕಲಿಸಲು ಬಂದವಳು ಕಲಿಸಿದ್ದು ಇದನ್ನು. ಕತ್ತರಿಯಿಂದ ಸ್ಕ್ರೂ ಬಿಚ್ಚಿ ಸಿಕ್ಕಿಬಿದ್ದ ದಿನವೂ ಅವಳಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

"ಯಾರೂ ಹೋಗ್ಬೇಡಿ, ಕೂತಿರಿ" ಎಂದು ಎದ್ದು ಹೋಗಿ ಕಂಪ್ಯೂಟರಿನವನನ್ನು ಕೈಹಿಡಿದೇ ಎಳೆದುಕೊಂಡು ಬಂದಳು. ಬೊಜ್ಜಿನ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಎಲ್ಲೋ ಒಂದು ಕಡೆ ಒತ್ತಿದ, ಇನ್ನೆಲ್ಲೋ ಒಂದು ಗುರುತು ತೆಗೆದ. ಅರ್ಧ ನಿಮಿಷದ ಕೆಲಸ. "ಇಷ್ಟಕ್ಕೆ ಮೊದಲೇ ಕರೀಬಾರ್ದಿತ್ತಾ ಮೇಡಂ?" ಎಂದ.

"ಕರೀಬೇಕಿತ್ತು" ಎಂದಳು ಮಷೀನಕ್ಕ.

ಆಮೇಲೆ ಮಷೀನು ಓಡಿಸಿದಳು. ಪರದೆಯಲ್ಲಿ ಹನ್ನೆರಡು ಮುಖಗಳೂ ಒಟ್ಟಿಗೇ ಮೇಲೆದ್ದವು. ಮಂಚದ ಮೇಲೆ ಮಷೀನು ಇಟ್ಟುಕೊಂಡವನು ಬೆಚ್ಚಿಬಿದ್ದು ಫೋನನ್ನು ಕೆಳಗೆ ಹಾಕಿದ. ಅಡುಗೆಮನೆಯ ಹೆಂಗಸು ಮೆಲ್ಲಗೆ ಕೇಳಿದಳು.

"ಮೇಡಂ, ಇದೇನಾ ಆ ಸದ್ದು?"

"ಇದೇ. ನೀವೆಲ್ಲ ಎರಡು ವಾರದಿಂದ ಕೇಳಿಸ್ತು ಕೇಳಿಸ್ತು ಅಂತಿದ್ರಲ್ಲ, ಅದು." ಬೈಯಬೇಕೆಂದುಕೊಂಡವಳಿಗೆ ಬೈಯಲು ಬಾಯಿ ಬರಲಿಲ್ಲ. "ತಪ್ಪು ನಂದೂ ಇದೆ. ನನಗೆ ಒಂದು ವಾರದಿಂದ ಗೊತ್ತಿತ್ತು. ನಾಳೆಯಿಂದ ದಿನಾ ತರಗತಿ, ಭಾನುವಾರಾನೂ ಸೇರಿಸಿ."

ಉಳಿದಿದ್ದು ಎರಡು ವಾರ. ಅವಳು ಎಲ್ಲರ ಫೋನಿನಲ್ಲೂ ಅದೇ ಗುರುತು ತೆಗೆಸಿದಳು, ಮೈಕಿನ ಕಟ್ಟಳೆಯನ್ನೂ ಕಿತ್ತುಹಾಕಿದಳು. ಒಬ್ಬರು ತಮ್ಮ ಮಷೀನು ಓಡಿಸಬೇಕು, ಉಳಿದ ಹನ್ನೊಂದು ಜನ ಕಣ್ಣುಮುಚ್ಚಿ ಕೇಳಿ ಏನು ತಪ್ಪಿದೆ ಹೇಳಬೇಕು. ಮೊದಲ ದಿನ ಎಲ್ಲರೂ ತಪ್ಪು ಹೇಳಿದರು, ಮೂರನೆಯ ದಿನ ವಾದ ಮಾಡತೊಡಗಿದರು. ಆಗ ಅವಳಿಗೆ ಒಪ್ಪಿಕೊಳ್ಳಲು ಇಷ್ಟವಿಲ್ಲದ ಒಂದು ಸಂಗತಿ ಕಂಡಿತು. ಹಾಲಿನಲ್ಲಿ ಹನ್ನೆರಡು ಮಷೀನುಗಳ ಗದ್ದಲದಲ್ಲಿ ಒಂದರ ಸದ್ದು ಇನ್ನೊಂದನ್ನು ನುಂಗುತ್ತಿತ್ತು. ಇಲ್ಲಿ ಒಂದೊಂದೇ ಮಷೀನು ಕಿವಿಯ ಹತ್ತಿರವೇ ಬಂದು ಕೂರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಇಷ್ಟು ಬೇಗ ಯಾರಿಗೂ ಕಿವಿ ತಿದ್ದಿಕೊಟ್ಟಿರಲಿಲ್ಲ. ಮನೆಗೆ ಬಂದು ಗಂಡನೆದುರು ಇದನ್ನು ಹೇಳಿ ಮುಖ ಸಿಂಡರಿಸಿಕೊಂಡಳು.

"ಸಂತೋಷದ ವಿಷಯಾನ ಹೀಗೆ ಹೇಳೋದಾ?" ಎಂದ ಗಂಡ.

"ಸಂತೋಷಾನೂ ಇದೆ ಕಣ್ರೀ. ಅದೇ ಕಷ್ಟ."

ಪರೀಕ್ಷೆಗೆ ಬೇರೆ ಶಾಖೆಯ ಪರೀಕ್ಷಕರೊಬ್ಬರು ಕೂತರು. ಕೆಡಿಸಿದ ಮಷೀನುಗಳು ಮೊಹರು ಹಾಕಿದ ಪೆಟ್ಟಿಗೆಗಳಲ್ಲಿ ಎಲ್ಲರ ಮನೆಗೂ ಹೋಗಿದ್ದವು. ಮಷೀನಕ್ಕ ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಅಮ್ಮನ ಫೋನಿನವಳು ನಡುವೆ ಒಮ್ಮೆ ಎದ್ದು ಹೋಗಬೇಕಾಯಿತು. ಹತ್ತು ನಿಮಿಷ ಅವಳ ಚೌಕದಲ್ಲಿ ಬಿಚ್ಚಿಟ್ಟ ಮಷೀನು ಮಾತ್ರ ಇತ್ತು. ಮಷೀನಕ್ಕನಿಗೆ ಆ ಹತ್ತು ನಿಮಿಷ ಕೂತಲ್ಲಿ ಕೂರಲಾಗಲಿಲ್ಲ. ಇವಳು ಫೇಲಾದರೆ ಹಾಲಿಗೆ ಒಳ್ಳೆಯದು ಎಂಬುದು ಆಗ ಅವಳಿಗೆ ನೆನಪೂ ಆಗಲಿಲ್ಲ. ಆ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಕಣ್ಣುಮುಚ್ಚಿ ಒಂದು ಸಲ ಚಕ್ರ ತಿರುಗಿಸಿ ಕೇಳಿದಳು, ನೇರವಾಗಿ ಹುಕ್ಕಿಗೆ ಕೈ ಹಾಕಿದಳು.

ಹತ್ತು ಜನ ಪಾಸು. ಎಲ್ಲರಿಗಿಂತ ಹೆಚ್ಚು ಅಂಕ ಅಮ್ಮನ ಫೋನಿಗೆ, ಹಾಲಿನ ಬ್ಯಾಚನ್ನೂ ಸೇರಿಸಿ.

ಹನ್ನೊಂದಕ್ಕೂ ಹತ್ತಕ್ಕೂ ಒಂದೇ ವ್ಯತ್ಯಾಸ. ವರದಿಯಲ್ಲಿ ಬರೆಯಲು ಹೆಚ್ಚೇನೂ ಇರಲಿಲ್ಲ, ಆದರೂ ಮಷೀನಕ್ಕ ನಾಲ್ಕು ಪುಟ ಬರೆದಳು. ಸದ್ದು ಬಾರದ ಸಂಗತಿ ಬರೆದಳು. ಗೊತ್ತಾದ ಮೇಲೂ ಮೂರು ತರಗತಿ ತಾನು ಸುಮ್ಮನಿದ್ದದ್ದನ್ನೂ, ಯಾಕೆ ಸುಮ್ಮನಿದ್ದೆ ಎಂಬುದನ್ನೂ ಬರೆದಳು. ಕೊನೆಯಲ್ಲಿ ಶಿಫಾರಸು ಎಂಬ ಜಾಗದಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಹೀಗೆ ಬರೆದಳು: ‘ಈ ಕೆಲಸ ಕಲಿಸಲು ಪರದೆ ಸಾಕು. ಹಾಲಿಗೆ ಬರಲಾಗದವರಿಗೆ ಅದೊಂದೇ ದಾರಿ. ಹಾಲ್ ಇರಲೇಬೇಕು ಎನ್ನಲು ನನ್ನ ಹತ್ತಿರ ಅಂಕಿಯಿಲ್ಲ. ಇರಲಿ ಎಂಬ ಆಸೆ ಮಾತ್ರ ಇದೆ.’

ಮ್ಯಾನೇಜರ್ ಪೂರ್ತಿ ಓದಿ ಕನ್ನಡಕ ತೆಗೆದ.

"ಆ ಮೂರು ತರಗತಿ ವಿಷಯ ನೀವು ಬರೀಬೇಕಾಗಿರಲಿಲ್ಲ ಮೇಡಂ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ನನಗೆ ಗೊತ್ತಲ್ಲಪ್ಪ."

"ಹಾಲ್ ವಿಷಯ ಮೇಲಿನವರಿಗೆ ಇನ್ನೊಂದು ಸಲ ಹೇಳಿ ನೋಡ್ತೀನಿ" ಎಂದ. ಅವನು ಮೇಲಿನವರಿಗೆ ಹೇಳಿದ್ದೂ ಇರಬಹುದು. ಹತ್ತು ದಿನಕ್ಕೆ ಎರಡು ಸಾಲಿನ ಪತ್ರ ಬಂತು.

ಫಲಿತಾಂಶ ತಿಳಿಸಲು ಅವಳು ಒಬ್ಬೊಬ್ಬರಿಗೂ ಫೋನು ಮಾಡಿದಳು. ಅಮ್ಮನ ಫೋನನ್ನು ಕೊನೆಗೆ ಇಟ್ಟುಕೊಂಡಿದ್ದಳು. ಮೇಲಿನ ಮಹಡಿಯ ಕಿಟಕಿಯ ಹತ್ತಿರ ನಿಂತು ಸುದ್ದಿ ಹೇಳಿದಳು. ಆ ಕಡೆಯಿಂದ ಅಳುವೋ ನಗುವೋ ಗೊತ್ತಾಗದ ಹಾಗೊಂದು ದನಿ, ಅದರ ಹಿಂದೆ ಯಾರಮ್ಮಾ ಅದು ಎಂದು ಕೇಳುವ ತಾಯಿಯ ದನಿ.

"ಎಲ್ಲರಿಗಿಂತ ಮೇಲಾ ಅಕ್ಕ? ನಿಜವಾಗ್ಲೂ?"

"ಹೂಂ ಕಣಮ್ಮ. ಇನ್ನು ನಿಮ್ಮ ಬೀದಿಯವರು ಮಷೀನು ಹೊತ್ಕೊಂಡು ನಿನ್ನ ಬಾಗಿಲಿಗೇ ಬರ್ಲಿ."

"ಅಕ್ಕಾ, ಒಂದು ಕೇಳ್ಲಾ? ನಗಬಾರ್ದು."

"ಕೇಳು."

"ಪಾಠದ ಮಧ್ಯೆ ಆ ಹಾಲಿನ ಕಥೆ ಹೇಳ್ತಿದ್ರಲ್ಲ, ಜಗಳ ಆಡ್ಕೊಂಡು, ಒಟ್ಟಿಗೆ ಟೀ ಕುಡ್ಕೊಂಡು. ನಾನು ಏಳು ವರ್ಷದಿಂದ ನಾಲ್ಕು ಜನರ ಮಧ್ಯೆ ಕೂತಿಲ್ಲ ಅಕ್ಕ. ಪಾಠ ಇಲ್ಲಿಂದಾನೇ ಕಲಿತೆ, ಅದರಲ್ಲೇನೂ ಕಮ್ಮಿ ಆಗಿಲ್ಲ. ಆದ್ರೂ ಒಂದ್ಸಲ ಅಲ್ಲಿಗೆ ಬಂದು ಎಲ್ಲರ ಜೊತೆ ಕೂರಬೇಕು ಅಂತ ಆಸೆ. ಪಾಸಾದ್ರೂ ಪರವಾಗಿಲ್ಲ, ಮತ್ತೆ ಮೊದಲಿಂದ ಕಲೀತೀನಿ."

ಮಷೀನಕ್ಕ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಅಂಗಳದಲ್ಲಿ ಇಬ್ಬರು ಹಾಲಿನಿಂದ ಮೇಜುಗಳನ್ನು ಹೊರಗೆ ತರುತ್ತಿದ್ದರು. ಬಾಗಿಲು ಚಿಕ್ಕದು, ಒಂದೊಂದು ಮೇಜನ್ನೂ ಓರೆ ಮಾಡಿ ದಾಟಿಸಬೇಕು. ಏಳು ಮೇಜುಗಳು ಆಗಲೇ ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಬಿಡಿಭಾಗಗಳ ರಟ್ಟಿನ ಪೆಟ್ಟಿಗೆ ತುಂಬಿದ ವ್ಯಾನು ಪಕ್ಕದಲ್ಲಿ ಕಾಯುತ್ತಿತ್ತು.

"ಯಾವಾಗ ಬರ್ತೀಯಮ್ಮ?" ಎಂದು ಕೇಳಿದಳು.

"ಅದು ಹೇಗೆ ಹೇಳ್ಲಿ ಅಕ್ಕ. ಅಮ್ಮ ಇರೋ ತನಕ ಆಗಲ್ಲ. ಅಮ್ಮ ಇರ್ಲಿ, ತುಂಬಾ ದಿನ ಇರ್ಲಿ. ಆಮೇಲೆ ಬರ್ತೀನಿ. ನನಗೊಂದು ಜಾಗ ಇಟ್ಟಿರ್ತೀರಾ?"

"ಇಟ್ಟಿರ್ತೀನಿ" ಎಂದಳು. ನಾಲ್ಕು ಪುಟದಲ್ಲಿ ಒಂದಕ್ಷರ ಸುಳ್ಳು ಬರೆಯದವಳು.

ಕೆಳಗಿನವರು ಎಂಟನೆಯ ಮೇಜನ್ನು ಬಾಗಿಲಲ್ಲಿ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದರು.

"ಹತ್ತಕ್ಕೆ ಶುರು ಅಲ್ವಾ ಅಕ್ಕ?"

"ಹತ್ತಕ್ಕೆ. ನೀನು ಒಂಬತ್ತೂವರೆಗೇ ಬಾ, ಎಲ್ಲರ ಪರಿಚಯ ಆಗುತ್ತೆ" ಎಂದಳು ಮಷೀನಕ್ಕ.